ರಿಜಿಸ್ಟ್ರೇಷನ್ ನಂಬರ್ ಯಾಕೆ ಕೇಳುತ್ತೇನೆ ಅಂದರೆ

ಪ್ರೀತಿಯ ಗೆಳೆಯಾ,

ನೀನು ಹತ್ತುವ ವಿಮಾನದ ರಿಜಿಸ್ಟ್ರೇಷನ್ ನಂಬರ್ ಪ್ರತಿ ಸಲ ಯಾಕೆ ಕೇಳುತ್ತೇನೆ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಇಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ, ಪರವಾಗಿಲ್ಲ. ನಮ್ಮ ಹಳೇ ಗುಂಪಿನವರಂತೂ ಓದಲೇಬೇಕು. ಗೋಣಿಕೊಪ್ಪದ ಬ್ಯಾಟರಿ ಕಥೆ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಮೊದಲು ನಾನು ಮಾಡುತ್ತಿರುವ ಬೋಯಿಂಗ್ 747 ವಿಮಾನದ ಪ್ಲಾಸ್ಟಿಕ್ ಮಾಡೆಲ್ ಸುದ್ದಿ. ಕೆಲಸ ಮುಗಿಯುತ್ತಾ ಬಂದಿದೆ. 1/144 ಸ್ಕೇಲ್ ಆದ್ದರಿಂದ ಮೂತಿಯಿಂದ ಬಾಲದ ತುದಿಗೆ ಹತ್ತಿರ ಹತ್ತಿರ 49 ಸೆಂಟಿಮೀಟರ್. ಮೂತಿಯೊಳಗೆ ಭಾರ ಇಡದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಅದಕ್ಕೆ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಒಳಗೆ ಅಂಟಿಸಿದೆ. ಎರಡು ಹೋಳು ಸೇರುವ ಜಾಗಕ್ಕೆ ಪುಟ್ಟಿ ಹಾಕಿ, ನೀರು ಹಚ್ಚಿ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿದೆ. ಯುದ್ಧ ವಿಮಾನಕ್ಕಾದರೆ ಮಸಿ, ಕೊಳೆ, ಎಣ್ಣೆ ಕಲೆ ಅಂತ ಏನಾದರೂ ಹಚ್ಚಿ ಗೆರೆ ಮುಚ್ಚಬಹುದು. ಇದು ಹೊಳೆಯುವ ಬಿಳಿ. ಕೂದಲೆಳೆಯಷ್ಟು ಗೀರು ಉಳಿದರೂ ಎದ್ದು ಕಾಣುತ್ತದೆ.

ಮಡಿಕೇರಿ ಮಳೆಗಾಲ ನಿನಗೆ ಗೊತ್ತಲ್ಲ. ಲ್ಯಾಕರ್ ಬಣ್ಣ ಆರುವಾಗ ಅದರ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹಿಡಿದುಕೊಂಡು ಪದರ ಹಾಲಿನ ಹಾಗೆ ಮಬ್ಬಾಗುತ್ತದೆ. ಹಾಗಾಗಿ ಮಳೆ ಬಿಡುವು ಕೊಟ್ಟ ದಿನ ಮಾತ್ರ ಸ್ಪ್ರೇ. ವಾಸನೆ ಪೂರ್ತಿ ಹೋದ ಮೇಲೆ, ಬಟ್ಟೆಗೆ ಬೂಸ್ಟು ಬರಬಾರದು ಅಂತ ಅಮ್ಮ ಬಲ್ಬು ಉರಿಸುವ ಬೀರುವಿನ ಒಂದು ಖಾನೆಯಲ್ಲಿ ವಿಮಾನಕ್ಕೂ ಜಾಗ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ: ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯನವರ ಮಿಸ್ಟೇರ್ ಯುದ್ಧ ವಿಮಾನ ಯಾಕೆ ಮಾಡಲಿಲ್ಲ? ನ್ಯಾಯವಾದ ಪ್ರಶ್ನೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತನ್ನ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಎದುರಿಸಿ ಹೊಡೆದವರು. ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅದನ್ನು ಖಂಡಿತ ಮಾಡುತ್ತೇನೆ. ಆದರೆ ನನ್ನ ಮನಸ್ಸು ಎಳೆಯುವುದು ಕಿಟಕಿಗಳ ಸಾಲಿರುವ ವಿಮಾನದ ಕಡೆಗೆ. ನಮ್ಮಂಥವರು ಕೂರುವ ವಿಮಾನ.

ಆ ಕಿಟಕಿಗಳನ್ನು ನೀನು ನೋಡಬೇಕು ಕಣೋ. ಹಳೇ ಏರ್ ಇಂಡಿಯಾ 747ರಲ್ಲಿ ಪ್ರತಿ ಕಿಟಕಿಯ ಸುತ್ತ ಕೆಂಪು ಜರೋಖಾ ಕಮಾನು, ಅರಮನೆಯ ಕಿಟಕಿಗಿರುವಂಥದ್ದು. ಡೆಕಾಲಿನಲ್ಲಿ, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರದಲ್ಲಿ, ಒಂದೊಂದು ಕಮಾನೂ ಎಳ್ಳಿನಷ್ಟೇ. ಉದ್ದನೆಯ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿ, ಬ್ರಷ್ಷಿನ ತುದಿಯಿಂದ ಸಾಲು ನೇರ ಮಾಡಬೇಕು. ಆಮೇಲೆ ಮೆತ್ತಗೆ ಮಾಡುವ ದ್ರಾವಣ ಹಚ್ಚಿದರೆ ಡೆಕಾಲ್ ಪೂರ್ತಿ ಸುಕ್ಕುಗಟ್ಟುತ್ತದೆ. ಹಾಳಾಯ್ತು ಅನ್ನಿಸುತ್ತದೆ. ಆಗ ಮುಟ್ಟಲೇಬಾರದು. ಸ್ವಲ್ಪ ಹೊತ್ತಿಗೆ ತಾನೇ ಎಳೆದುಕೊಂಡು ಬಣ್ಣ ಹೊಡೆದ ಹಾಗೆ ಮೈಗೆ ಅಂಟಿಕೊಳ್ಳುತ್ತದೆ. ಎರಡೂ ಬದಿ ಹೀಗೆ ಕೂರಿಸಿದ ಮೇಲೆ ಹೆಸರಿನ ಸರದಿ.

ಈ ವಿಮಾನಗಳಿಗೆಲ್ಲ ಚಕ್ರವರ್ತಿಗಳ ಹೆಸರು. ನಾನು ಆರಿಸಿದ್ದು ಕೃಷ್ಣದೇವರಾಯ. ನೀನಾದರೂ ಅದನ್ನೇ ಆರಿಸುತ್ತಿದ್ದೆ, ಅಲ್ವಾ? ಅದರ ರಿಜಿಸ್ಟ್ರೇಷನ್ ವಿಟಿ-ಇಎಫ್‌ಯು. ಡೆಕಾಲ್ ಶೀಟಿನಲ್ಲಿ ಅದರ ಪಕ್ಕದಲ್ಲೇ ವಿಟಿ-ಇಎಫ್‌ಒ. ಕನಿಷ್ಕ. ಕೊನೆಯ ಅಕ್ಷರ ಒಂದೇ ಬೇರೆ. ಅದೇ ಮೈ, ಅದೇ ಕೆಂಪು ಕಮಾನು. 1985ರ ಜೂನ್ 23ರಂದು ಐರ್ಲೆಂಡಿನ ಹತ್ತಿರ ಕಡಲ ಮೇಲೆ ಬಾಂಬ್ ಸಿಡಿದು ಅದರಲ್ಲಿದ್ದ 329 ಜನರೂ ಹೋದರು. ಇಕ್ಕಳದಲ್ಲಿ ಡೆಕಾಲ್ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ. ಆಗಲೇ ನಿನ್ನ ಫೋನ್ ಬಂದದ್ದು: ‘ಪ್ರತಿ ಸಲ ವಿಮಾನದ ನಂಬರ್ ಯಾಕೆ ಕೇಳ್ತೀಯಾ?’

ಮಾಡೆಲ್‌ಗೆ ಬೇಕು ಅಂತ ಹೇಳುತ್ತಾ ಬಂದಿದ್ದೇನೆ. ಅಸಲು ಕಾರಣ ಭಯ.

2010ರ ಮೇ 22. ದುಬೈಯಿಂದ ಬಂದ 737 ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಳಗಿನ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟೇ ಜನ ಉಳಿದರು. ನೀನು ಆ ವಾರ ಊರಿಗೆ ಬರುತ್ತೀನಿ ಅಂದಿದ್ದೆ, ಯಾವ ದಿನ ಅಂತ ಹೇಳಿರಲಿಲ್ಲ. ನಿನ್ನ ಫೋನ್ ಸ್ವಿಚ್ ಆಫ್. ಟಿವಿಯಲ್ಲಿ ಹೆಸರಿನ ಪಟ್ಟಿ ಬರುತ್ತಿತ್ತು. ಮಧ್ಯಾಹ್ನ ನೀನೇ ಫೋನ್ ಮಾಡಿ, ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೆ ಅಂದೆ. ನಾನು ಮಳೆಯ ವಿಷಯ ಮಾತಾಡಿ ಇಟ್ಟುಬಿಟ್ಟೆ. ಆಮೇಲೆ ತೋಟದ ಕಡೆ ಹೋಗಿ ಅತ್ತೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯಬೇಕು ಅಂತಲೂ ಇರಲಿಲ್ಲ.

ಅಂದಿನಿಂದ ನೀನು ವಿಮಾನ ಹತ್ತಿದರೆ ಅದು ಯಾವುದು, ಎಷ್ಟು ವರ್ಷ ಹಳೆಯದು, ಈಗ ಎಲ್ಲಿದೆ ಅಂತ ನೋಡುತ್ತಾ ಕೂರುತ್ತೇನೆ. ಅದು ಇಳಿದ ಮೇಲೇ ನಿದ್ದೆ.

ಕನಿಷ್ಕನನ್ನೂ ಮಾಡಬೇಕು ಅನ್ನಿಸಿದೆ. ಬಿದ್ದ ವಿಮಾನ ಮನೆಯೊಳಗೆ ಬೇಡ ಅನ್ನುತ್ತಾರೆ ಅಮ್ಮ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಜನ ಕೂತಿದ್ದ ವಿಮಾನ, ಅದರ ಒಂದೊಂದು ಕಿಟಕಿಯನ್ನೂ ಯಾರಾದರೂ ಗಮನ ಕೊಟ್ಟು ಮಾಡಬೇಕು. ಆದರೆ ಈಗಲೇ ಅಲ್ಲ. ನೀನು ಬಂದು ಇಳಿದ ಮೇಲೆ ಶುರು.

ಸಾಕು, ಜಾಸ್ತಿ ಆಯ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಬರುತ್ತೀಯಲ್ಲ? ಕಣ್ಣೂರಿಗೇ ಟಿಕೆಟ್ ಮಾಡು, ಮಾಕುಟ್ಟ ರಸ್ತೆಯಲ್ಲಿ ನಾನೇ ಕರೆದುಕೊಂಡು ಬರುತ್ತೇನೆ. ಎರಡು ಬಾಟಲಿ ಡೆಕಾಲ್ ದ್ರಾವಣ ಬೇಕು, ಕೈಚೀಲದಲ್ಲಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಹಾಕು. ನಂಬರ್ ವಿಮಾನದ ಹಿಂಭಾಗದಲ್ಲಿ ಬರೆದಿರುತ್ತದೆ, ಹತ್ತುವ ಮೊದಲು ಕಳಿಸು. ಈ ಸಲವೂ ಕಡಂಬುಟ್ಟು ಎಣಿಸಿಕೊಂಡು ತಿನ್ನುತ್ತೀಯಾ ಅಂತ ಅಮ್ಮ ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ನೀನೇ ಅವರಿಗೆ ಫೋನ್ ಮಾಡಿ ಹೇಳು.

ನಿನ್ನವನು