ದಾವಣಗೆರೆ ಕರಾಟೆ ತರಗತಿಯ ಪೋಷಕರ ಗಮನಕ್ಕೆ

ಭಾನುವಾರ ಮಕ್ಕಳೆಲ್ಲ ವಿದ್ಯಾನಗರದ ಒಂದು ಮನೆಯಲ್ಲಿ ಸೇರಿ ವಿಡಿಯೋ ಗೇಮ್ ಆಧರಿಸಿದ ‘ಮಾರ್ಟಲ್ ಕಾಂಬ್ಯಾಟ್’ ಚಿತ್ರ ನೋಡುತ್ತಾರಂತೆ. ಯಾವ ವರ್ಷದ್ದು ಎಂದು ದಯವಿಟ್ಟು ಮೊದಲು ವಿಚಾರಿಸಿ. 1995ರ ಚಿತ್ರವಾದರೆ ನನ್ನ ತಕರಾರಿಲ್ಲ. ಹೊಡೆದಾಟವಿದೆ, ರಕ್ತ ಅಷ್ಟಿಲ್ಲ, ಅಮೆರಿಕದಲ್ಲಿ ಪಿಜಿ-13 ದರ್ಜೆ (13ರೊಳಗಿನ ಮಕ್ಕಳ ಪೋಷಕರಿಗೆ ಎಚ್ಚರಿಕೆ) ಪಡೆದದ್ದು. 2021ರದ್ದಕ್ಕೆ ಅಲ್ಲಿಯೇ ಆರ್ ದರ್ಜೆ, ಅಂದರೆ 17ರೊಳಗಿನವರು ಪೋಷಕರು ಅಥವಾ ಹಿರಿಯರ ಜೊತೆಗಷ್ಟೇ ನೋಡಬೇಕಾದದ್ದು. ಸೋತವನನ್ನು ಘೋರವಾಗಿ ಮುಗಿಸುವ ವಿಡಿಯೋ ಗೇಮಿನ ವರಸೆಗಳನ್ನು ಅದರಲ್ಲಿ ಹಾಗೆಯೇ ತೆರೆಗೆ ತಂದಿದ್ದಾರೆ: ಒಬ್ಬನ ತೋಳುಗಳು ಹೆಪ್ಪುಗಟ್ಟಿ ಪುಡಿಯಾಗುತ್ತವೆ, ಇನ್ನೊಬ್ಬಳು ತಿರುಗುವ ಟೋಪಿಯ ಅಲಗಿಗೆ ಎರಡು ಹೋಳಾಗುತ್ತಾಳೆ. ನಾಲ್ಕನೇ ತರಗತಿಯವರಿಗೆ ಇದೇಕೆ? ತಾಗುವ ಮುನ್ನ ಏಟನ್ನು ತಡೆದು ನಿಲ್ಲಿಸುವುದನ್ನು ಗುರುಗಳು ಈಗಷ್ಟೇ ಕಲಿಸುತ್ತಿದ್ದಾರೆ.

ಹೊಸದಾದರೆ ನನ್ನ ಮಗ ಬರುವುದಿಲ್ಲ. ಮುನಿಸಿಕೊಂಡಿದ್ದಾನೆ, ಇರಲಿ. ಹಳೆಯದಾದರೆ ಎಲ್ಲರೂ ನಮ್ಮ ಮನೆಗೇ ಬರಲಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನನ್ನ ಲೆಕ್ಕ. ಶುಕ್ರವಾರದೊಳಗೆ ತಿಳಿಸಿ.