ಹ್ಯಾಷ್ ಭೇದಿಸುವುದು ಬೇರೆ, ಪಾಸ್‌ವರ್ಡ್ ಊಹಿಸುವುದು ಬೇರೆ

ಮಾನ್ಯ ಸಂಪಾದಕರೇ,

ಪಾಸ್‌ವರ್ಡ್ ಸೋರಿಕೆಯ ಸುದ್ದಿ ಬಂದಾಗಲೆಲ್ಲ ಎರಡು ಮಾತುಗಳು ತಪ್ಪದೆ ಅಚ್ಚಾಗುತ್ತವೆ. ಮಾಹಿತಿಯೆಲ್ಲ ಹ್ಯಾಷ್ ರೂಪದಲ್ಲಿ, ಅಂದರೆ ಮೂಲದಿಂದ ಲೆಕ್ಕ ಹಾಕಿ ಪಡೆದ ಸಂಖ್ಯೆಯಾಗಿ, ಇರುವುದರಿಂದ ಯಾರೂ ಅದರ ಮೂಲವನ್ನು ತಿಳಿಯಲಾರರು ಎಂದು ಸಂಬಂಧಪಟ್ಟ ಸಂಸ್ಥೆ ಅಭಯ ನೀಡುತ್ತದೆ. ಕೆಲವೇ ದಿನಗಳಲ್ಲಿ, ಹ್ಯಾಕರ್‌ಗಳು ಹ್ಯಾಷ್ ಭೇದಿಸಿದರು ಎಂಬ ವರದಿ ಬರುತ್ತದೆ. ಸಾಮಾನ್ಯವಾಗಿ ಇವೆರಡೂ ಸರಿಯಲ್ಲ.

ಹ್ಯಾಷ್ ಫಂಕ್ಷನ್ ಎಷ್ಟೇ ದೊಡ್ಡ ಕಡತವನ್ನಾದರೂ ನಿಗದಿತ ಉದ್ದದ ಒಂದು ಸಂಖ್ಯೆಗೆ ಇಳಿಸುತ್ತದೆ. ಆ ಸಂಖ್ಯೆಯೊಂದನ್ನೇ ಹಿಡಿದುಕೊಂಡು, ಅದೇ ಸಂಖ್ಯೆ ಬರುವಂಥ ಪಠ್ಯವೊಂದನ್ನು ಹುಡುಕಿ ತೆಗೆಯುವುದು ಪ್ರಿಇಮೇಜ್ ದಾಳಿ. ಒಂದೇ ಹ್ಯಾಷ್ ಬರುವ ಎರಡು ಕಡತಗಳನ್ನು ದಾಳಿಕೋರ ತಾನೇ ಸಿದ್ಧಪಡಿಸಿಕೊಳ್ಳುವುದು ಕೊಲಿಷನ್. ಎರಡೂ ಅವನ ಆಯ್ಕೆಯೇ ಆದ್ದರಿಂದ ಇದು ಎಷ್ಟೋ ಸುಲಭ. 128 ಬಿಟ್‌ಗಳ ಸಂಖ್ಯೆ ಕೊಡುವ ಎಂಡಿ5 ಎಂಬ ಹ್ಯಾಷ್ ಫಂಕ್ಷನ್‌ನಲ್ಲಿ ಸುಮ್ಮನೆ ಯತ್ನಿಸುತ್ತಾ ಹೋದರೆ ಮೊದಲನೆಯದಕ್ಕೆ 2ರ 128ನೇ ಘಾತದಷ್ಟು, ಎರಡನೆಯದಕ್ಕೆ 2ರ 64ನೇ ಘಾತದಷ್ಟು ಲೆಕ್ಕ ಬೇಕು. ಎಂಡಿ5ನ ಕೊಲಿಷನ್ 2004ರಲ್ಲಿಯೇ ಬಯಲಾಯಿತು. ಎಸ್‌ಎಚ್‌ಎ-1 ಎಂಬ ಇನ್ನೊಂದು ಫಂಕ್ಷನ್‌ನಲ್ಲಿ ಒಂದೇ ಹ್ಯಾಷ್ ಬರುವ ಎರಡು ಪಿಡಿಎಫ್‌ಗಳನ್ನು ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐಯ ಸಂಶೋಧಕರು 2017ರಲ್ಲಿ ತೋರಿಸಿದರು. ಒಂದು ಕಡತಕ್ಕೆ ಹಾಕಿದ ಸಹಿ ಅದೇ ಹ್ಯಾಷ್‌ನ ಇನ್ನೊಂದಕ್ಕೂ ಹೊಂದುವುದರಿಂದ ಡಿಜಿಟಲ್ ಸಹಿಯ ಮಟ್ಟಿಗೆ ಇವು ಮಾರಕವೇ ಸರಿ. ಪ್ರಿಇಮೇಜ್ ಕಥೆ ಹಾಗಲ್ಲ: 2009ರಲ್ಲಿ ಸಂಶೋಧಕರಾದ ಸಾಸಾಕಿ ಮತ್ತು ಅಓಕಿ ಎಂಡಿ5ಗೆ ಕಂಡುಕೊಂಡ ದಾರಿಯಲ್ಲಿಯೂ 2ರ 123.4ನೇ ಘಾತದಷ್ಟು ಕೆಲಸ ಉಳಿದಿದ್ದು, ಅದು ಕಾಗದದ ಮೇಲಿನ ಗೆಲುವಷ್ಟೇ.

ಪಾಸ್‌ವರ್ಡ್‌ಗಳು ಹೊರಬೀಳುವುದು ಊಹೆಯಿಂದ: ಒಂದೊಂದು ಊಹೆಯ ಹ್ಯಾಷ್ ಲೆಕ್ಕ ಹಾಕಿ, ಸೋರಿದ ಹ್ಯಾಷ್‌ನೊಂದಿಗೆ ಹೋಲಿಸಿ ನೋಡುತ್ತಾರೆ. ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದವನ್ನೇ ಸಣ್ಣಕ್ಷರಗಳಲ್ಲಿ ಗುಪ್ತಪದವಾಗಿ ಇಟ್ಟುಕೊಂಡವರ, ಬೇರೇನೂ ಬೆರೆಸದ ಎಂಡಿ5 ಹ್ಯಾಷ್ ಯಾವಾಗಲೂ ‘5ಎಫ್4ಡಿಸಿಸಿ3ಬಿ’ ಎಂದೇ ಆರಂಭವಾಗುತ್ತದೆ. ಈ ಕ್ಷೇತ್ರದಲ್ಲಿ ಪಳಗಿದವರು ಅದನ್ನು ಕಂಡೊಡನೆ ಗುರುತಿಸುತ್ತಾರೆ. ಇಲ್ಲಿ ಫಂಕ್ಷನ್ ಸೋತಿಲ್ಲ. ಮೂಲ ಪಠ್ಯವು ಊಹೆಗೆ ನಿಲುಕದಷ್ಟು ವಿಶಾಲವಾದ ರಾಶಿಯಿಂದ ಬಂದಿದ್ದರೆ ಮಾತ್ರ ಹ್ಯಾಷ್ ಅದನ್ನು ಮರೆಮಾಚಬಲ್ಲದು ಎಂಬ ಷರತ್ತು ಸಂಸ್ಥೆಗಳ ಪ್ರಕಟಣೆಯಲ್ಲಿ ಕಾಣುವುದೇ ಅಪರೂಪ. ಹತ್ತಂಕಿಯ ದೂರವಾಣಿ ಸಂಖ್ಯೆಗಳು ಹೆಚ್ಚೆಂದರೆ ಒಂದು ಸಾವಿರ ಕೋಟಿ. ಸೆಕೆಂಡಿಗೆ ನೂರಾರು ಕೋಟಿ ಹ್ಯಾಷ್ ಲೆಕ್ಕ ಹಾಕುವ ಗ್ರಾಫಿಕ್ಸ್ ಕಾರ್ಡ್‌ಗೆ ಅದು ಅರೆ ನಿಮಿಷದ ಕೆಲಸವೂ ಅಲ್ಲ. ಬಳಸಿದ್ದು ಇಂದಿಗೂ ದೃಢವಾಗಿರುವ ಎಸ್‌ಎಚ್‌ಎ-256 ಆದರೂ ಫಲ ಅಷ್ಟೇ.

ಆದ್ದರಿಂದ ತಮ್ಮ ವರದಿಗಾರರು ಇಂಥ ಸಂದರ್ಭದಲ್ಲಿ ಯಾವ ಫಂಕ್ಷನ್ ಬಳಸಿದ್ದರು, ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆ ಸಾಲ್ಟ್ (ಹ್ಯಾಷ್ ಮಾಡುವ ಮುನ್ನ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಸೇರಿಸಿದ್ದರೇ, ಬಿಕ್ರಿಪ್ಟ್ ಅಥವಾ ಆರ್ಗನ್2ನಂತೆ ಬೇಕೆಂದೇ ನಿಧಾನಗೊಳಿಸಿದ ಕ್ರಮವಿತ್ತೇ ಎಂದು ಕೇಳಿ ಬರೆಯಬೇಕೆಂದು ಕೋರುತ್ತೇನೆ. ದೂರವಾಣಿ ಸಂಖ್ಯೆಗಳ ಬರಿಯ ಹ್ಯಾಷ್ ಸೋರಿಕೆಯಾಗಿದ್ದರೆ, ಸಂಸ್ಥೆ ಏನೇ ಹೇಳಲಿ, ಸಂಖ್ಯೆಗಳೇ ಸೋರಿಕೆಯಾಗಿವೆ ಎಂದು ಶೀರ್ಷಿಕೆ ಕೊಡುವುದು ತಪ್ಪಾಗದು.

ಇತಿ,
ತಮ್ಮ ಓದುಗ