ಕಾರ್ಬುರೇಟರ್ ಗೆಳೆಯನಿಗೆ ಲೇಹ್‌ನಿಂದ

ಪ್ರಿಯ ಕಾರ್ಬುರೇಟರ್,

'ಕಂಪನಿ ದುಡ್ಡಿನಲ್ಲಿ ಲಡಾಖ್! ಯಾವ ಜನ್ಮದ ಪುಣ್ಯವೋ' ಎಂದು ನೀನು ಬರೆದದ್ದು ತಲುಪಿತು. ಉತ್ತರ ತಡವಾದದ್ದು ಸಿಟ್ಟಿನಿಂದಲ್ಲ, ಸಿಮ್‌ನಿಂದ. ಹೊರಗಿನವರ ಪ್ರೀಪೇಯ್ಡ್ ಸಿಮ್ ಇಲ್ಲಿ ಕೆಲಸ ಮಾಡುವುದಿಲ್ಲ. ಹೋಟೆಲಿನ ವೈಫೈ ಕರೆಂಟು ಇದ್ದಾಗ ಇರುತ್ತದೆ, ಮನಸ್ಸಾದಾಗ ನಡೆಯುತ್ತದೆ. ನೀನು ಕಳಿಸಿದ ಅಷ್ಟೂ ನಗುಮುಖಗಳು ಒಂದೇ ಸಲ ಬಂದು ಬಿದ್ದವು. ಸದ್ಯ, ಆಗ ನೀನು ನನ್ನ ಎದುರಿಗಿರಲಿಲ್ಲ.

ಪುಣ್ಯದ ವಿವರ ಕೇಳು. ಜನವರಿಯ ಲೇಹ್ ನೀನು ಫೋಟೋಗಳಲ್ಲಿ ನೋಡಿದ ಲೇಹ್ ಅಲ್ಲ. ಬೈಕಿನವರು ಎಂದೋ ಇಳಿದು ಹೋಗಿದ್ದಾರೆ, ಹೋಟೆಲುಗಳು ಬಹುಪಾಲು ಬಾಗಿಲು ಹಾಕಿವೆ, ನಲ್ಲಿಯ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದೆ. ಸ್ನಾನದ ವಿಷಯ ನಾಲ್ಕು ಜನ ಓದುವ ಪತ್ರದಲ್ಲಿ ಬೇಡ.

ಕಂಪನಿಯ ಹೊಸ ಗಾಡಿಯನ್ನು ಇಲ್ಲಿನ ಚಳಿಯಲ್ಲಿ, ಎತ್ತರದಲ್ಲಿ ಪರೀಕ್ಷಿಸಲು ಬಂದವರು ನಾವು. ನಮ್ಮ ಮೊದಲ ಕೆಲಸ ಚಳಿಯಲ್ಲಿ ಇಂಜಿನ್ ಚಾಲೂ ಮಾಡುವುದು. ಗಾಡಿ ರಾತ್ರಿಯಿಡೀ ಬಯಲಿನಲ್ಲಿ ನಿಂತು, ಅದರ ಆಯಿಲ್, ಕೂಲಂಟ್, ಕಬ್ಬಿಣ ಎಲ್ಲವೂ ಹೊರಗಿನ ಮೈನಸ್ 15ಕ್ಕೆ ಸಮನಾಗಬೇಕು. ಸೂರ್ಯ ಹುಟ್ಟುವ ಮೊದಲು ಹೋಗಿ, ಲ್ಯಾಪ್‌ಟಾಪ್ ಜೋಡಿಸಿ, ಕೀಲಿ ತಿರುಗಿಸಬೇಕು. ಕೆಲವೇ ಸೆಕೆಂಡುಗಳ ಆಟ. ಆ ಸೆಕೆಂಡುಗಳಲ್ಲಿ ದಾಖಲೆ ತಪ್ಪಿತೋ, ಆ ದಿನ ಮುಗಿಯಿತು. ಒಮ್ಮೆ ಬಿಸಿಯಾದ ಇಂಜಿನ್ ಮತ್ತೆ ಅಷ್ಟು ತಣ್ಣಗಾಗಲು ಇನ್ನೊಂದು ರಾತ್ರಿಯೇ ಬೇಕು. ಗಾಡಿಗಿಂತ ಮೊದಲು ಚಳಿಗೆ ಸೋಲುವುದು ಲ್ಯಾಪ್‌ಟಾಪಿನ ಬ್ಯಾಟರಿ. ಹಾಗಾಗಿ ಅದು ಈಗ ನನ್ನ ರಜಾಯಿಯೊಳಗೆ ಮಲಗುತ್ತದೆ. ಮನೆಯಲ್ಲಿ ಹೇಳಿಲ್ಲ, ನೀನೂ ಹೇಳಬೇಡ.

ಒಂದು ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಗಾಡಿ ಗುರುಗುಟ್ಟುತ್ತಾ ನಿಂತಿತ್ತು. ಹೊಸದಾಗಿ ಸೇರಿದ್ದ ಸ್ಥಳೀಯ ಚಾಲಕ, ಪಾಪ, ಸಾಹೇಬರು ಬರುವಷ್ಟರಲ್ಲಿ ಒಳಗೆ ಬೆಚ್ಚಗಿರಲಿ ಎಂದು ಅರ್ಧ ಗಂಟೆ ಮೊದಲೇ ಚಾಲೂ ಮಾಡಿದ್ದ. ಒಂದು ಇಡೀ ರಾತ್ರಿಯ ಚಳಿ ಮಣ್ಣುಪಾಲು. ಬೈಯಲು ಬಾಯಿ ತೆರೆದವನಿಗೆ ಅವನು ಫ್ಲಾಸ್ಕಿನಿಂದ ಗುರ್‌ಗುರ್ ಚಾ ಬಗ್ಗಿಸಿ ಕೊಟ್ಟ. ಉಪ್ಪು, ಬೆಣ್ಣೆ ಹಾಕಿದ ಆ ಚಹಾವನ್ನು ಬೆಚ್ಚಗಿನ ಸೀಟಿನಲ್ಲಿ ಕುಳಿತು ಕುಡಿದೆವು. ಸಂಜೆಯ ವರದಿಯಲ್ಲಿ 'ಪರೀಕ್ಷೆ ನಡೆಯಲಿಲ್ಲ' ಎಂದು ಬರೆದೆ; ಕಾರಣದ ಅಂಕಣದಲ್ಲಿ 'ದಯೆ' ಎಂದು ಬರೆಯುವ ಅವಕಾಶವಿಲ್ಲ.

ಡೀಸೆಲ್ ಮಂಜಿನಂತೆ ಗಟ್ಟಿಯಾಗುತ್ತದಂತೆ ಹೌದೇ ಎಂದು ಕೇಳಿದ್ದೀಯ. ಸಾಮಾನ್ಯ ಡೀಸೆಲ್ಲಿನೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಿಂದೆ ಲಾರಿಯವರು ಟ್ಯಾಂಕಿನ ಕೆಳಗೇ ಬೆಂಕಿ ಹಾಕುತ್ತಿದ್ದರು. 2019ರಿಂದ ಇಂಡಿಯನ್ ಆಯಿಲ್ ಇಂಥ ಚಳಿಯ ಜಾಗಗಳಿಗೆಂದೇ ಚಳಿಗಾಲದ ಡೀಸೆಲ್ ಕೊಡುತ್ತಿದೆ, ಮೈನಸ್ 33ರವರೆಗೂ ಹರಿಯುತ್ತದೆ. ಈಗ ತಲೆನೋವು ಡೀಸೆಲ್ಲಿನದಲ್ಲ, ಹೊಗೆ ಶುದ್ಧ ಮಾಡಲು ಸುರಿಯುವ ಯೂರಿಯಾ ದ್ರಾವಣದ್ದು. ಅದು ಮೈನಸ್ 11ಕ್ಕೇ ಕಲ್ಲಾಗುತ್ತದೆ. ಅದಕ್ಕೊಂದು ಹೀಟರ್, ಹೀಟರಿಗೊಂದು ಸೆನ್ಸರ್, ಸೆನ್ಸರಿಗೆ ಚಳಿ. ಅದನ್ನು ನೋಡಿಕೊಳ್ಳಲು ನಾನು.

ಖರ್ದುಂಗ್ ಲಾ ಎಂಬ ಬೆಟ್ಟದ ಕಣಿವೆದಾರಿ ಹತ್ತಿದ್ದೂ ಆಯಿತು. ಅಲ್ಲಿಯ ಎತ್ತರ 18,380 ಅಡಿ ಎಂದು ಫಲಕಗಳು ಬಹುಕಾಲ ಹೇಳಿಕೊಂಡು ಬಂದವು. ಜಿಪಿಎಸ್ ಮಾತ್ರ 5,359 ಮೀಟರ್ ಅನ್ನುತ್ತದೆ, ಅಂದರೆ ಸುಮಾರು 17,580 ಅಡಿ. ಎಂಟುನೂರು ಅಡಿ ಕಡಿಮೆಯಾದರೂ ಉಸಿರಾಟಕ್ಕೆ ಏನೂ ರಿಯಾಯಿತಿ ಸಿಗಲಿಲ್ಲ. ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಇಂಜಿನ್ನಿಗೆ ಅದು ಗೊತ್ತಾದರೂ ಚಾಲಕನಿಗೆ ಗೊತ್ತಾಗದಂತೆ ಟರ್ಬೊ, ಇಂಧನ, ಎಲ್ಲವನ್ನೂ ಹೊಂದಿಸುವುದು ನನ್ನ ಸಂಬಳದ ಕೆಲಸ. ಹಳೆಯ ಇಂಜಿನ್ನುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸುತ್ತಿದ್ದ ನಿನ್ನ ಹೆಸರಿನವನಿಗೆ ಆ ಬುದ್ಧಿ ಇರಲಿಲ್ಲ. ಗಾಳಿ ತೆಳುವಾದಂತೆಲ್ಲ ಪೆಟ್ರೋಲನ್ನು ಅಳತೆ ಮೀರಿ ಸುರಿದು ಕಪ್ಪು ಹೊಗೆ ಬಿಡುತ್ತಿದ್ದ. (ಹೆಸರು ಬಂದ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ, ಹೆದರಬೇಡ.) ದಾರಿಯ ಚೆಕ್‌ಪೋಸ್ಟ್ ಸೌತ್ ಪುಲ್ಲು ಇನ್ನೂ ದೂರವಿರುವಾಗಲೇ ನಮ್ಮ ಗಾಡಿ ಎಚ್ಚರಿಕೆಯ ದೀಪ ಹೊತ್ತಿಸಿ ಶಕ್ತಿ ಇಳಿಸಿಕೊಂಡಿತು. ಹೊಸ ಗಾಡಿಯ ರೂಪ ಮುಚ್ಚಿಡಲು ಮೈತುಂಬ ಕಪ್ಪು ಬಿಳುಪಿನ ಸ್ಟಿಕ್ಕರ್ ಅಂಟಿಸಿಕೊಂಡು, ಹೊಟ್ಟೆತುಂಬ ತಂತಿ ತುಂಬಿಕೊಂಡು ನಾವು ಪಕ್ಕಕ್ಕೆ ನಿಂತಿರುವಾಗ, ತಲೆಯ ಮೇಲೆ ಮೂಟೆ ಕಟ್ಟಿಕೊಂಡ ಹಳೆಯ ಸುಮೋ ಒಂದು ದಾಟಿ ಹೋಯಿತು. ಒಳಗಿದ್ದ ಅಜ್ಜಿ ಕೈಯೆತ್ತಿ 'ಜುಲೇ' ಎಂದಳು. ನಾವೂ ಎಂದೆವು.

ಆದರೆ ನಿನಗೆ ಬರೆಯಬೇಕೆಂದುಕೊಂಡದ್ದು ಒಂದು ಸದ್ದಿನ ವಿಷಯ. ಬೆಟ್ಟದಾಚೆಯ ಹುಂಡರ್ ಊರಿನ ಕಡೆಯ ಜಲ್ಲಿ ಹಾದಿಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ 'ಟಿಕ್ ಟಿಕ್' ಎಂಬ ಸದ್ದು ಹುಟ್ಟಿಕೊಂಡಿತು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಅದೂ ಚಳಿ ಇದ್ದಾಗ ಮಾತ್ರ. ನಿಲ್ಲಿಸಿದರೆ ಇಲ್ಲ. ನಾವು ಅದಕ್ಕಾಗಿ ಎಷ್ಟು ಹೊತ್ತು ತಲೆ ಕೆಡಿಸಿಕೊಂಡೆವೆಂದರೆ, ಸಹೋದ್ಯೋಗಿಯೊಬ್ಬ ಸೀಟಿನ ಕೆಳಗೆ ತಲೆ ತೂರಿಸಿಕೊಂಡೇ ಮೈಲಿಗಟ್ಟಲೆ ಬಂದ. ಗ್ಲೋವ್ ಬಾಕ್ಸಿಗೆ ಬಟ್ಟೆಯ ಟೇಪು, ಎಸಿ ಕಿಂಡಿಗೆ ಟೇಪು, ಕೊನೆಗೆ ಚಾಲಕನ ಜಪಮಾಲೆಗೂ ಟೇಪು. ಸಿಕ್ಕಿತು. ನಾವೇ ತೂರಿಸಿದ್ದ ಅಳತೆಯ ಪೆಟ್ಟಿಗೆಯ ತಂತಿ, ಅದರ ತುದಿಯ ಕನೆಕ್ಟರ್, ಪಕ್ಕದ ಕಬ್ಬಿಣದ ಪಟ್ಟಿಗೆ ಬಡಿಯುತ್ತಿತ್ತು. ಗಾಡಿಯಲ್ಲಿ ಏನೂ ದೋಷವಿರಲಿಲ್ಲ.

ಎಲ್ಲರೂ ನಕ್ಕರು. ನನಗೆ ನಿರಾಸೆಯಾಯಿತು ಮಾರಾಯ. ಒಳ್ಳೆಯದೊಂದು ದೋಷ ಕೈತಪ್ಪಿ ಹೋಯಿತಲ್ಲ ಎನ್ನುವ ನಿರಾಸೆ. ರಾತ್ರಿ ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯ ಪಕ್ಕ ಕುಳಿತಾಗ ಅದೇ ಕೊರೆಯತೊಡಗಿತು. ಎಲ್ಲವೂ ಸರಿಯಾಗಿ ನಡೆದ ದಿನ ನನ್ನ ವರದಿ ಖಾಲಿ. ಅಂಥ ದಿನ ನಾನು ಯಾರಿಗೂ ಬೇಡದವನು. ಗಾಡಿಯ ಪ್ರತಿಯೊಂದು ಗುಣಕ್ಕೂ ನಾವು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ: ಸ್ಟಿಯರಿಂಗಿಗೆ, ಬ್ರೇಕಿಗೆ, ಬಾಗಿಲು ಮುಚ್ಚುವ ಸದ್ದಿಗೆ. ನಾನು ಏಳೂವರೆ ದಾಟಿ ಕೊಟ್ಟವನಲ್ಲ. ಕಚೇರಿಯಲ್ಲಿ ಅದನ್ನು ಮೆಚ್ಚುತ್ತಾರೆ. ಮನೆಯಲ್ಲಿ ಹೆಂಡತಿ ಕಾಫಿ ತಂದಿಟ್ಟು 'ಇವತ್ತು ಎಷ್ಟು?' ಎನ್ನುತ್ತಾಳೆ. ಅದನ್ನು ನಾನು ಇಷ್ಟು ವರ್ಷ ತಮಾಷೆ ಎಂದೇ ತಿಳಿದಿದ್ದೆ.

ಹೊರಡುವ ಹಿಂದಿನ ದಿನ ಮಗಳು ಒಂದು ಚಿತ್ರ ಬರೆದಿದ್ದಳು. ಬೆಟ್ಟ, ಮಂಜು, ಅಪ್ಪನ ಗಾಡಿ. ಹಾಳೆಯನ್ನು ಎದೆಗೆ ಒತ್ತಿಕೊಂಡು ಬಂದು, 'ತೋರಿಸುತ್ತೇನೆ, ಆದರೆ ತಪ್ಪು ಹುಡುಕಬಾರದು' ಎಂದಳು. ಇಲ್ಲ ಎಂದೆ. ತಿರುಗಿಸಿದಳು. ಹಿಂದಿನ ಚಕ್ರ ಮುಂದಿನದಕ್ಕಿಂತ ಚಿಕ್ಕದಿತ್ತು. ನಾನು ಏನೂ ಹೇಳಲಿಲ್ಲ, ಚೆನ್ನಾಗಿದೆ ಎಂದೆ. ಅವಳು ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ನೋಡುತ್ತಿದ್ದಳು. ಸುಮ್ಮನೆ ಹಾಳೆ ವಾಪಸು ತೆಗೆದುಕೊಂಡು, ರಬ್ಬರ್ ಹುಡುಕಲು ಒಳಗೆ ಹೋದಳು.

ಸಿಮ್ ಸತ್ತಿದೆ ಎಂದು ಆರಂಭದಲ್ಲಿ ಗೊಣಗಿದೆನಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಬಾ ಎಂದು ಕಚೇರಿಯವರು ಮೊದಲೇ ಹೇಳಿದ್ದರು. ನಾನು ಮಾಡಿಸಲಿಲ್ಲ. ನಾನು ಫೋನು ಮಾಡದ ದಿನಗಳಲ್ಲಿ ಮನೆಯವರು ಸ್ವಲ್ಪ ಹಗುರಾಗಿರುತ್ತಾರೇನೋ ಎಂಬ ಅನುಮಾನ ನನಗೆ ಹೊರಡುವ ಮೊದಲೇ ಇತ್ತು.

ಹೋಗಲಿ ಬಿಡು. ಇಲ್ಲಿ ಮಿದುಳಿಗೆ ಸಿಗುವ ಆಮ್ಲಜನಕವೇ ಕಡಿಮೆ. ಮೇಲಿನ ಸಾಲುಗಳನ್ನು ಅದರ ಖಾತೆಗೆ ಬರೆದುಕೊ. ನಿನ್ನ ಹೊಸ ಗಾಡಿಯ ಫೋಟೋ ನೋಡಿದೆ. ಟೈರುಗಳು ಭಾರೀ ಇವೆ, ಮಡ್ ಫ್ಲ್ಯಾಪಿನ ಮೇಲೆ ಒಂದು ಚೂರೂ ಮಡ್ ಇಲ್ಲ. ಜಯನಗರದಲ್ಲಿ ಎಲ್ಲಿಂದ ತರುತ್ತೀಯ? ಇನ್ನೊಂದು ಫೋಟೋದಲ್ಲಿ ಒಣ ಡಾಂಬರು ರಸ್ತೆಯಲ್ಲಿ ಫೋರ್ ಹೈ ದೀಪ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುತ್ತಿದೆ ಎನ್ನುವ ದೀಪ, ಉರಿಯುತ್ತಿರುವುದು ಕಾಣಿಸಿತು. ಹಾಗೆ ಮಾಡಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದಕ್ಕೊಂದು ಬಿಗಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು, ಗೇರುಗಳು ಒಳಗೊಳಗೇ ತಿರುಚಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ಹಾದಿಗೆ ಒಯ್ದು ಹಾಕು, ಸಾಕು. ಇದು ತಪ್ಪು ಹುಡುಕಿದ್ದಲ್ಲ, ಸಲಹೆ. ಇರಲಿ, ಹುಡುಕಿದ್ದೇ.

ಇಂತಿ,
ಡಿಪ್‌ಸ್ಟಿಕ್

ತಾ.ಕ.: ನೀನು ಕೇಳಿದ ಒಣ ಜರ್ದಾಳು ಕೊಂಡಿದ್ದೇನೆ. ಭದ್ರಾವತಿಯ ಕೊಡೆ ಪ್ರಕರಣ ಇತ್ಯರ್ಥವಾಗುವವರೆಗೆ ನಿನ್ನ ಪಾಲು ನನ್ನ ಬಳಿಯೇ ಇರುತ್ತದೆ.